ನೂರಾ ಐದು ಕಳೆದು ನಾನು ಹಂಚಿದ ಚೀಟಿ

ಕೊರೋನಾದ ಗದ್ದಲ ಅಡಗಿ ಎರಡನೆಯ ವರ್ಷ ನಡೆದಿತ್ತು. ನಾನು ರೋಣದ ಸೀಮೆಯ ಒಂದು ಸರ್ಕಾರಿ ದವಾಖಾನೆಯಲ್ಲಿ ಹಿರಿಯ ವೈದ್ಯಾಧಿಕಾರಿ. ದವಾಖಾನೆ ಯಾವ ಊರಿನದು ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ. ಸೇವೆಗೆ ಸೇರಿ ಇಪ್ಪತ್ತೊಂಬತ್ತು ವರ್ಷ ಆಗಿತ್ತು. ಜನ ಹಿಂದಿನಿಂದ ನನ್ನನ್ನು ‘ಬೈಯೋ ಬಾಯಾರು’, ಅಂದರೆ ಬೈಯುವ ಡಾಕ್ಟರಮ್ಮ, ಅನ್ನುತ್ತಿದ್ದರು. ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಬೈದರೆ ಗುಳಿಗೆ ನುಂಗುತ್ತಾರೆ, ನಕ್ಕರೆ ಮನೆಗೊಯ್ದು ಗೋಡೆಯ ಮಾಡದಲ್ಲಿ ಇಡುತ್ತಾರೆ, ಇದು ನನ್ನ ಅನುಭವ. ಆದರೆ ಈಗ ಬರೆಯುತ್ತಿರುವ ಪ್ರಸಂಗದಲ್ಲಿ ಬೈಸಿಕೊಳ್ಳಬೇಕಾದವಳು ನಾನೇ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮೊದಲು ಚೀಟಿಯ ವಿಷಯ ಹೇಳಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ನಮ್ಮ ಕಡೆ ಮನೆಮನೆಗೆ ಕಾಲಿಟ್ಟಿದ್ದವು. ಅದಕ್ಕೆ ನರಗುಂದ, ಗಜೇಂದ್ರಗಡ, ಸುತ್ತಲಿನ ಹಳ್ಳಿಗಳಲ್ಲಿ ಶಿಬಿರ ಮಾಡುತ್ತಿದ್ದೆವು. ಎಲ್ಲಿ ಹೋದರೂ ಒಂದೇ ಪ್ರಶ್ನೆ: “ನನ್ನ ತೂಕ ಎಷ್ಟಿರಬೇಕ್ರೀ?” ಸರಿಯಾದ ಉತ್ತರ ಕೊಡಬೇಕಾದರೆ ಬಿಎಂಐ ಲೆಕ್ಕ ಹೇಳಬೇಕು. ಅಂದರೆ ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಬಂದ ಅಂಕಿ ಹದಿನೆಂಟೂವರೆಯಿಂದ ಇಪ್ಪತ್ಮೂರರ ಒಳಗಿದ್ದರೆ ನಮ್ಮ ಜನಕ್ಕೆ ಒಳ್ಳೆಯದು. ಇಷ್ಟು ಹೇಳುವುದರೊಳಗೆ ಮುಂದಿನ ಸಾಲಿನವರು ಆಕಳಿಸುತ್ತಿದ್ದರು. ಹಾಗಾಗಿ ನಾನು ಹಳೆಯ ಸುಲಭ ಸೂತ್ರ ಹಿಡಿದೆ. ಸೆಂಟಿಮೀಟರಿನಲ್ಲಿರುವ ಎತ್ತರದಿಂದ ಗಂಡಸರಾದರೆ ನೂರು ಕಳೆಯಿರಿ, ಹೆಂಗಸರಾದರೆ ನೂರಾ ಐದು ಕಳೆಯಿರಿ. ಉಳಿದದ್ದೇ ನಿಮ್ಮ ಸರಿಯಾದ ತೂಕ. ಅಂಗೈಯಗಲದ ಎರಡು ಸಾವಿರ ಚೀಟಿ ಅಚ್ಚು ಹಾಕಿಸಿದೆ.

ಕರಡಿನಲ್ಲಿ ಇನ್ನೊಂದು ಸಾಲಿತ್ತು. “ಇದು ಬರೀ ಅಂದಾಜು. ಹತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆ ಇದ್ದರೂ ಸರಿಯೇ. ಮೈಮುರಿದು ದುಡಿಯುವವರು, ಬಸುರಿಯರು, ಕಾಯಿಲೆಯವರು ವೈದ್ಯರನ್ನು ಕೇಳಬೇಕು.” ಅಕ್ಷರ ಭಾಳ ಸಣ್ಣವಾಗುತ್ತವೆ ಎಂದು ಅಚ್ಚಿನವರು ಫೋನ್ ಮಾಡಿದರು. “ಆ ಸಾಲ ತಗದಬಿಡ್ರಿ, ಜನಕ್ಕ ಒಂದ ನಂಬರ್ ಬೇಕು, ಪುರಾಣ ಬ್ಯಾಡ” ಅಂದೆ. ನಾನೇ ಅಂದದ್ದು, ಈ ಬಾಯಿಂದಲೇ. ಕೆಳಗೆ ನನ್ನ ಹೆಸರು, ಡಿಗ್ರಿ, ಸಹಿ ಮಾತ್ರ ದಪ್ಪಕ್ಷರದಲ್ಲಿ ಬಂದವು.

ಅದಾಗಿ ಎಂಟು ತಿಂಗಳಿಗೆ, ಒಂದು ಸೋಮವಾರ ಬೆಳಿಗ್ಗೆ, ಓಪಿಡಿ ಗದ್ದಲದ ನಡುವೆ ಗಜೇಂದ್ರಗಡದಿಂದ ಒಬ್ಬ ಹುಡುಗಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಹೆಸರು ರತ್ನಾ, ವಯಸ್ಸು ಇಪ್ಪತ್ತೆರಡು. ನೇಕಾರರ ಮನೆತನ. ಅಪ್ಪ ಇಲ್ಲ, ತಾಯಿ ಶಂಕ್ರವ್ವ ಮತ್ತು ಈಕೆ, ಇಬ್ಬರೂ ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುವವರು. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಹಲಗೆ ತುಳಿಯುತ್ತ, ಕೈಯಿಂದ ನೂಲಿನ ಲಾಳಿ ಹೊಡೆಯುತ್ತ ನೇಯುವ ಮಗ್ಗ. ಅವತ್ತು ನೇಯುತ್ತ ನೇಯುತ್ತಲೇ ಹುಡುಗಿ ನೂಲಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದಳು.

ನೋಡಿದೆ. ತುಟಿ ಒಣಗಿ ಬಿಳಿಚಿಕೊಂಡಿತ್ತು, ಕಣ್ಣಿನ ಒಳಗೆ ಕೆಂಪೇ ಇರಲಿಲ್ಲ. ನಾಡಿ ಹಿಡಿದರೆ ನಾಲ್ಕು ಸಲ ಬಡಿದು ಒಂದು ಸಲ ತಪ್ಪುತ್ತಿತ್ತು. ತೂಕ ನಲವತ್ತೈದೂವರೆ ಕಿಲೋ. ರಕ್ತದಲ್ಲಿ ಹಿಮೋಗ್ಲೋಬಿನ್ ಎಂಟು. ಪೊಟ್ಯಾಶಿಯಂ ಎರಡು ಪಾಯಿಂಟ್ ಆರು; ಇರಬೇಕಾದದ್ದು ಮೂರೂವರೆಯಿಂದ ಐದು. ಪೊಟ್ಯಾಶಿಯಂ ಎನ್ನುವುದು ರಕ್ತದಲ್ಲಿರುವ ಒಂದು ಲವಣ. ಅದು ಇಷ್ಟು ಇಳಿದರೆ ಹೃದಯದ ಬಡಿತ ದಾರಿ ತಪ್ಪುತ್ತದೆ, ನಿಂತರೂ ನಿಂತೀತು. ಇಸಿಜಿ ಕಾಗದದಲ್ಲೂ ಅದೇ ಕಂಡಿತು.

“ಊಟ ಬಿಟ್ಟು ಎಷ್ಟ ದಿನ ಆತು?” ಎಂದು ಕೇಳಿದೆ.

ಶಂಕ್ರವ್ವ ಹೇಳಿದಳು: “ವಾರ ಮಾಡಾಕತ್ತಾಳ್ರೀ ಬಾಯಾರ. ಸೋಮಾರ, ಗುರುವಾರ, ಶುಕ್ರಾರ...”

“ಉಳಿದ ವಾರ?”

“ಅವನ್ನೂ ಹಿಡದಾಳ್ರೀ.”

ದೇವರ ಹೆಸರಿನಲ್ಲಿ ವಾರಕ್ಕೊಂದು ದಿನ ಉಪವಾಸ ಮಾಡುವುದು ನಮ್ಮಲ್ಲಿ ಇದ್ದದ್ದೇ. ಏಳೂ ವಾರ ಹಿಡಿದವರನ್ನು ನಾನು ಅಲ್ಲಿತನಕ ಕಂಡಿರಲಿಲ್ಲ. ಓಣಿಯ ಹೆಂಗಸರು “ಏನ್ ಭಕ್ತಿ ಅಂತೀನಿ ಈ ಹುಡುಗಿದು” ಎಂದು ಹೊಗಳುತ್ತಿದ್ದರಂತೆ. ಹೊಟ್ಟೆಗೆ ಬೆಳಿಗ್ಗೆ ಲಿಂಬೆಹಣ್ಣಿನ ಬಿಸಿನೀರು, ಮಧ್ಯಾಹ್ನ ಅರ್ಧ ರೊಟ್ಟಿ. ಸಾಲದ್ದಕ್ಕೆ ಔಷಧ ಅಂಗಡಿಯಿಂದ ಜುಲಾಬಿನ ಗುಳಿಗೆ ತಂದು ದಿನಾ ಮೂರು ನುಂಗುತ್ತಿದ್ದಳು. ಪೊಟ್ಯಾಶಿಯಂ ಭೇದಿಯಲ್ಲಿ ಹರಿದುಹೋಗಿದೆ ಎಂಬುದು ಆಗ ತಿಳಿಯಿತು. ಮುಟ್ಟು ನಿಂತು ಎರಡು ತಿಂಗಳಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. “ತಲಿ ನೆಟ್ಟಗೈತಿಲ್ಲೋ ನಿಮಗ? ಮಗಳು ಸಾಯಾಕತ್ತಾಳ, ನೀ ಕುಂತು ನೋಡಾಕತ್ತೀ? ಯಾವ ಮುಠ್ಠಾಳ ಹೇಳ್ದ ನಿಮಗ ಹಿಂಗ ಮಾಡ್ರಿ ಅಂತ?” ಎಂದು ವಾರ್ಡಿಗೆಲ್ಲ ಕೇಳುವಂತೆ ಒದರಿದೆ.

ಶಂಕ್ರವ್ವ ಅಳಲಿಲ್ಲ. ಸೊಂಟದ ಸಂಚಿ ಬಿಚ್ಚಿ, ಎಲೆಅಡಿಕೆಯ ಕೆಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೊಟ್ಟಳು. ಬಿಚ್ಚಿದೆ. ದಪ್ಪಕ್ಷರದಲ್ಲಿ ನನ್ನ ಹೆಸರು, ನನ್ನ ಸಹಿ. ಅದರ ಪಕ್ಕ ಪೆನ್ನಿನಲ್ಲಿ ಯಾರೋ ಲೆಕ್ಕ ಬರೆದಿದ್ದರು: ಎತ್ತರ 151. ಕಳೆದರೆ 46. ಈಗಿನ ತೂಕ 56. ಹೆಚ್ಚಿಗೆ 10. ಆ ಹತ್ತಕ್ಕೆ ಎರಡು ಗೆರೆ ಎಳೆದಿತ್ತು.

“ನೀವ ಬರದದ್ದಲ್ರೀ ಇದು?” ಅಂದಳು ಶಂಕ್ರವ್ವ. ಆಕೆ ವ್ಯಂಗ್ಯಕ್ಕೆ ಅನ್ನಲಿಲ್ಲ. ನಿಜವಾಗಿ ಕೇಳಿದಳು.

ವಾರ್ಡಿನಲ್ಲಿ ಹತ್ತು ಜನ ನೋಡುತ್ತಿದ್ದರು. ‘ಡ್ರಿಪ್ ತಗೊಂಡು ಬಾ’ ಎಂದು ಸುಮ್ಮನೆ ನರ್ಸಿನ ಮೇಲೆ ಹರಿಹಾಯ್ದೆ. ಪಾಪ, ಆಕೆ ಆಗಲೇ ತಂದು ನಿಂತಿದ್ದಳು.

ಗದಗಿನಲ್ಲಿರುವ ಫಿಜಿಶಿಯನ್ ಗೆಳತಿಗೆ ಫೋನ್ ಹಚ್ಚಿದೆ. “ಮಾನಿಟರ್ ಇದ್ದರೆ ಅಲ್ಲೇ ಇಟ್ಕೋ, ದಾರಿಯಲ್ಲಿ ಅಲುಗಾಡಿಸೋದು ಬೇಡ. ಪೊಟ್ಯಾಶಿಯಂ ನಿಧಾನಕ್ಕೆ ಕೊಡು. ಅವಸರ ಮಾಡಿದರೆ ಅದೇ ಕೊಲ್ಲುತ್ತೆ” ಅಂದಳು. ಕೊರೋನಾದ ಕೃಪೆಯಿಂದ ಎರಡು ಮಾನಿಟರ್ ನಮ್ಮಲ್ಲಿದ್ದವು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ನಾನು ಆ ಪರದೆಯ ಮುಂದಿನಿಂದ ಏಳಲಿಲ್ಲ. ಓಪಿಡಿ ನೋಡಿಕೊಳ್ಳಲು ಕಿರಿಯ ಡಾಕ್ಟರಿಗೆ ಹೇಳಿದೆ. ಸಂಜೆ ಪೊಟ್ಯಾಶಿಯಂ ಮೂರು ದಾಟಿತು, ನಾಡಿ ತಪ್ಪುವುದು ನಿಂತಿತು. ಶಂಕ್ರವ್ವ ಮಗಳಿಗೆ ಹೋಳಿಗೆ ತರುತ್ತೇನೆ ಎಂದು ಎದ್ದಳು. ಬೇಡವೆಂದು ತಡೆದೆ. ಬಹಳ ದಿನ ಬರಿದಾದ ಹೊಟ್ಟೆಗೆ ಒಮ್ಮೆಲೇ ತುಂಬಿದರೆ ರಕ್ತದ ಲವಣಗಳು ಮತ್ತೆ ಏರುಪೇರಾಗುತ್ತವೆ. ಮೊದಲು ತೆಳುವಾದ ಗಂಜಿ, ಆಮೇಲೆ ಮಜ್ಜಿಗೆ ಅನ್ನ, ಹೀಗೆ ದಿನದಿಂದ ದಿನಕ್ಕೆ.

ಮರುದಿನ ಹುಡುಗಿ ಎದ್ದು ಕೂತಾಗ ಶಂಕ್ರವ್ವನ ಬಾಯಿಂದ ಕಥೆ ಹೊರಬಿತ್ತು. ನರಗುಂದದ ಒಬ್ಬ ಜವಳಿ ಸಾಹುಕಾರರ ಮಗನ ಜೊತೆ ರತ್ನಾಳ ಲಗ್ನ ನಿಶ್ಚಯವಾಗಿತ್ತು. ಮೂರು ತಿಂಗಳ ಹಿಂದೆ ಎರಡೂ ಮನೆಯವರು ಕೂಡಿ ಮದುವೆಯ ಬಟ್ಟೆ ತೆಗೆಯಲು ಸಾಹುಕಾರರ ಅಂಗಡಿಯಲ್ಲೇ ಸೇರಿದ್ದರು. ಕುಪ್ಪಸದ ಅಳತೆ ತೆಗೆಯುವಾಗ ರಟ್ಟೆಯ ಸುತ್ತಳತೆ ಹೆಚ್ಚು ಬಂತು. ಬರದೇ ಏನು? ಹನ್ನೆರಡು ವರ್ಷದಿಂದ ಮಗ್ಗ ಹೊಡೆದ ರಟ್ಟೆ ಅದು! ಸಾಹುಕಾರರು ಗಲ್ಲಾದ ಗಾಜಿನ ಕೆಳಗಿಂದ ನನ್ನ ಚೀಟಿ ತೆಗೆದರು. “ನಿಲ್ಲವ್ವಾ ಇಲ್ಲಿ” ಎಂದು ಭಾವೀ ಸೊಸೆಯನ್ನು ಅಂಗಡಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ಅಳೆದರು. ಪಕ್ಕದ ಕಾಳಿನ ಅಂಗಡಿಯ ತಕ್ಕಡಿಯ ಮೇಲೆ ಹತ್ತಿಸಿ ತೂಗಿದರು. ಲೆಕ್ಕ ಬರೆದು ಚೀಟಿಯನ್ನು ಶಂಕ್ರವ್ವನ ಕೈಗಿಟ್ಟು, ನಗುನಗುತ್ತಲೇ ಹೇಳಿದರಂತೆ: “ಸರ್ಕಾರಿ ಡಾಕ್ಟರ್ ಬರದದ್ದು, ನಮ್ಮ ಮಾತಲ್ಲ. ಹತ್ತ ಕಿಲೋ ಇಳಿಸ್ಕೊಂಡು ಬರ್ಲಿ. ಲಗ್ನದ ಅಕ್ಷತಿ ಆಮ್ಯಾಲ.”

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅನ್ನುತ್ತಾರಲ್ಲ, ಅದನ್ನು ನಾನು ಅವತ್ತು ಕಣ್ಣಾರೆ ಕಂಡೆ. ಆಳ ಅಳೆಯುವ ಹಗ್ಗ ಮಾತ್ರ ನನ್ನದು.

ರತ್ನಾಳನ್ನು ನಮ್ಮ ಎತ್ತರದ ಕೋಲಿಗೆ ನಿಲ್ಲಿಸಿದೆ. ಹಿಮ್ಮಡಿ ಗೋಡೆಗೆ, ದೃಷ್ಟಿ ನೇರ. ನೂರಾ ಐವತ್ತೇಳೂವರೆ ಸೆಂಟಿಮೀಟರ್. ಮತ್ತೆ ನಿಲ್ಲಿಸಿದೆ, ಅಷ್ಟೇ. ಚೀಟಿಯಲ್ಲಿ ನೂರಾ ಐವತ್ತೊಂದು. ಆರೂವರೆ ಸೆಂಟಿಮೀಟರ್ ಎಲ್ಲಿ ಹೋಯಿತು?

“ಹ್ಯಾಂಗ ಅಳದ್ರು ತೋರಿಸು” ಅಂದೆ ಶಂಕ್ರವ್ವನಿಗೆ.

ಆಕೆ ಬಾಗಿ ಗೋಡೆಯ ಬುಡದಿಂದ ಕೈ ಆಡಿಸಿ ತೋರಿಸಿದಳು. ಕುಪ್ಪಸದ ಕಣದ ಬಟ್ಟೆ ಅಳೆಯುವ ಅರ್ಧ ಮೀಟರಿನ ಕಬ್ಬಿಣದ ಪಟ್ಟಿ. ಒಂದು ಪಟ್ಟಿ ಇಡುವುದು, ತುದಿಗೆ ಹೆಬ್ಬೆರಳು ಅಡ್ಡ ಇಡುವುದು, ಹೆಬ್ಬೆರಳಿನ ಮೇಲಿಂದ ಮತ್ತೆ ಪಟ್ಟಿ ಇಡುವುದು. ನಮ್ಮ ಕಡೆ ಜವಳಿ ಅಂಗಡಿಯವರು ಅರಿವೆ ಅಳೆಯುವುದೇ ಹಾಗೆ. ಹೆಬ್ಬೆರಳಿನಗಲದ ಬಟ್ಟೆ ಗಿರಾಕಿಗೆ ಕೊಸರು. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಲವತ್ತು ವರ್ಷ ಅಳೆದ ಕೈಗೆ ಬೇರೆ ರೀತಿ ಬರುವುದೂ ಇಲ್ಲ. ಸಾಹುಕಾರರು ಹುಡುಗಿಯನ್ನೂ ಹಾಗೇ ಅಳೆದಿದ್ದರು. ಮೂರು ಪಟ್ಟಿ, ಮೂರು ಹೆಬ್ಬೆರಳು, ಮೇಲೊಂದು ಸೆಂಟಿಮೀಟರ್. ಮೂರು ಹೆಬ್ಬೆರಳಿನಷ್ಟು ಹುಡುಗಿ ಲೆಕ್ಕದಿಂದ ಹೊರಗೆ ಹೋದಳು.

“ನೀನೂ ನೇಯಾಕಿ, ನಿನಗ ಗೊತ್ತಾಗಲಿಲ್ಲೇನು?”

“ಗೊತ್ತಾತ್ರೀ,” ಅಂದಳು ಶಂಕ್ರವ್ವ. “ಬೀಗರ ಮುಂದ ಹ್ಯಾಂಗ ಬಾಯಿ ತಗೀಲಿ? ತಂದಿ ಇಲ್ಲದ ಕೂಸು.”

ಕೋಲಿನ ಅಳತೆಯನ್ನು ಕೇಸ್ ಪೇಪರಿನಲ್ಲಿ ಬರೆದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಸಾಹುಕಾರರು ಮಗನನ್ನು ಕರೆದುಕೊಂಡು ನೋಡಲು ಬಂದರು. ಒಂದು ಬುಟ್ಟಿ ಮೋಸಂಬಿ ಬೇರೆ! ನಾನು ಕಾದೇ ಕೂತಿದ್ದೆ. ಹುಡುಗಿಯನ್ನು ಅವರೆದುರೇ ಕೋಲಿಗೆ ನಿಲ್ಲಿಸಿ ಅಳೆದೆ. ಹೆಬ್ಬೆರಳಿನ ವಿಷಯ ಒಡೆದು ಹೇಳಿದೆ. “ನನ್ನ ಚೀಟಿ ಪ್ರಕಾರವ ಲೆಕ್ಕ ಹಾಕ್ರಿ ಸಾವಕಾರ್ರ. ನಲವತ್ತಾರಲ್ಲ, ಐವತ್ತೆರಡೂವರಿ. ಖರೇ ಲೆಕ್ಕ ಹಾಕಿದ್ರ ಈಕಿ ಎತ್ತರಕ್ಕ ನಲವತ್ತಾರರಿಂದ ಐವತ್ತೇಳರ ತನಕ ಎಷ್ಟಿದ್ರೂ ಚಲೋನ. ಐವತ್ತಾರಿದ್ದಾಕಿ, ಗಟ್ಟಿಮುಟ್ಟಾಗಿದ್ಲು. ಅಂಥಾಕೀನ ನೀವು ಸಾವಿನ ಬಾಗಲಕ್ಕ ಕಳಿಸಿದ್ರಿ!”

ಗೆದ್ದೆ ಅನ್ನಿಸಿತು. ಸಾಹುಕಾರರು ತಲೆ ತಗ್ಗಿಸುತ್ತಾರೆ, ತಪ್ಪಾಯಿತು ಅನ್ನುತ್ತಾರೆ ಎಂದು ನೋಡುತ್ತಿದ್ದೆ. ಅವರು ಕನ್ನಡಕ ಒರೆಸಿಕೊಂಡು ಆರಾಮಾಗಿ ನಕ್ಕರು.

“ಹಂಗೇನ್ರಿ ಮೇಡಮ್ಮಾರ! ಚಲೋ ಆತು ಬಿಡ್ರಿ. ಹಾಂಗಾರ ಐವತ್ತೆರಡೂವರಿ ಅಂತ ಹಿಡಿಯೂಣು. ಈಗ ನಲವತ್ತೈದು ಅದಾಳಲ್ಲ, ಇನ್ನ ಏಳ ಕಿಲೋ ಉಣ್ಣಾಕ ಅಡ್ಡಿ ಇಲ್ಲ. ಅದಕ್ಕ ಮ್ಯಾಲ ಹೋಗದಂಗ ನೋಡ್ಕೊಂಡ್ರ ಆತು.”

ಎಲಾ ಇವನ! ಉಣ್ಣಲು ಪರವಾನಗಿ ಕೊಡಲು ಬಂದಿದ್ದಾನೆ! ಮೈಯೆಲ್ಲ ಉರಿದುಹೋಯಿತು. ಏನು ಮಾಡುತ್ತಿದ್ದೇನೆ ಎಂಬ ಎಚ್ಚರವಿಲ್ಲದೆ ಮಗನ ರಟ್ಟೆ ಹಿಡಿದು ಎಳೆದು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ತೊಂಬತ್ತೊಂದು ಕಿಲೋ. ಎತ್ತರ ನೂರಾ ಅರವತ್ತೆಂಟು. “ನೂರು ಕಳದ್ರ ಅರವತ್ತೆಂಟು. ಇಪ್ಪತ್ಮೂರು ಕಿಲೋ ಹೆಚ್ಚಿಗಿ ಅದಾನ ನಿಮ್ಮ ಮಗ. ಇವನ್ನ ಯಾವ ಕಂಬಕ್ಕ ನಿಲ್ಲಿಸಿದ್ರಿ? ಇವಂಗ ಎಷ್ಟ ವಾರ ಹಿಡಿಸಿದ್ರಿ?”

“ಅಂವ ಗಂಡಸ ಅದಾನಲ್ರೀ,” ಅಂದರು ಸಾಹುಕಾರರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನೇ ಏನೋ ತಿಳಿಗೇಡಿ ಪ್ರಶ್ನೆ ಕೇಳಿದೆ ಎನ್ನುವ ಹಾಗಿತ್ತು.

ನಾನು ಇನ್ನೂ ಜೋರಾಗಿ ಶುರು ಮಾಡುವವಳಿದ್ದೆ. ಆಗ ರತ್ನಾ ಮಾತನಾಡಿದಳು. ಮೂರು ದಿನದಲ್ಲಿ ಆಕೆ ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

“ಬಾಯಾರ, ಒಂದ ಮಾತ ಕೇಳ್ಲೇನ್ರಿ?”

“ಕೇಳವ್ವಾ.”

“ನಾ ಖರೇನ ನೂರಾ ಐವತ್ತೊಂದ ಇದ್ದಿದ್ರ? ಆವಾಗ ನನ್ನನ್ನ ಉಪವಾಸ ಹಾಕಿದ್ದು ಬರೋಬ್ಬರಿ ಆಗತಿತ್ತೇನ್ರಿ?”

ಅರ್ಧ ತಾಸಿನಿಂದ ನಾನು ಮಾಡುತ್ತಿದ್ದದ್ದು ಏನು? ಅಂಗಡಿಯ ಕಟ್ಟೆಯ ಮೇಲೆ ಅರಿವೆ ಇಟ್ಟುಕೊಂಡು, ನಿಮ್ಮ ಅಳತೆ ತಪ್ಪು, ನನ್ನ ಅಳತೆ ಸರಿ ಎಂದು ಚೌಕಾಸಿ ಮಾಡಿದಂತೆ ಮಾಡಿದ್ದೆ. ಅರಿವೆಯ ಜಾಗದಲ್ಲಿ ಆ ಹುಡುಗಿ ನಿಂತಿದ್ದಳು. ಸಾಹುಕಾರ ಕೇಳಿದ ಪ್ರಶ್ನೆಯೇ ತಪ್ಪು ಎಂದು ನಾನು ಒಂದು ಸಲವೂ ಅಂದಿರಲಿಲ್ಲ.

ರತ್ನಾ ನನ್ನ ಉತ್ತರಕ್ಕೆ ಕಾಯಲಿಲ್ಲ. ಯಂತ್ರದಿಂದ ಇಳಿದು ನಿಂತಿದ್ದ ಹುಡುಗನ ಕಡೆ ತಿರುಗಿದಳು. “ಅವತ್ತ ನಿಮ್ಮಪ್ಪಾರು ನನ್ನ ಕಾಳಿನ ತಕ್ಕಡಿ ಹತ್ತಿಸಿದಾಗ ನೀವು ಬಾಜೂಕ ಇದ್ರಿ. ಫೋನ್ ನೋಡಾಕತ್ತಿದ್ರಿ. ಈಗ ನಿಮ್ಮನ್ನ ಹತ್ತಿಸಿದ್ರು, ಮುಖ ಹ್ಯಾಂಗ ಕೆಂಪಾತು ನೋಡ್ರಿ. ನನಗೂ ಹಂಗ ಆಗಿತ್ತು. ನಾ ಈ ಲಗ್ನಾ ಒಲ್ಲೆ.”

ಹುಡುಗ ಅಪ್ಪನ ಮುಖ ನೋಡಿದ. ಶಂಕ್ರವ್ವ ಆಗ ಅತ್ತಳು, ಮೂರು ದಿನದ್ದೂ ಕೂಡಿಸಿ. “ತಿಳೀದ ಅಂತಾಳ್ರೀ, ಹೊಟ್ಟ್ಯಾಗ ಹಾಕ್ಕೊಳ್ರಿ” ಎಂದು ಬೀಗರ ಕಾಲಿಗೆ ಬೀಳಲು ಹೋದಳು. ರತ್ನಾ ತಾಯಿಯ ತೋಳು ಹಿಡಿದು ನಿಲ್ಲಿಸಿದಳು. ಡ್ರಿಪ್ಪಿನ ಸೂಜಿ ಇನ್ನೂ ಆ ಕೈಯಲ್ಲೇ ಇತ್ತು. ಸಾಹುಕಾರರು “ಹುಷಾರಾದ ಮ್ಯಾಲ ಮಾತಾಡೂಣು” ಎಂದು ಎದ್ದು ಹೋದರು. ಮಾತನಾಡಲು ಮತ್ತೆ ಯಾರೂ ಬರಲಿಲ್ಲ.

ಸಂಬಂಧ ಮುರಿಯಿತು. ಊರವರ ಬಾಯಿಗೆ ಕದ ಎಲ್ಲಿದೆ? ‘ಹುಡುಗಿಗೆ ಹೃದಯದ ಬ್ಯಾನಿ ಅಂತ’ ಎಂದು ಶುರುವಾಯಿತು. ಮೊನ್ನೆ ಮೊನ್ನೆಯ ತನಕ ಭಕ್ತಿ ಹೊಗಳಿದ ಅದೇ ಬಾಯಿಗಳು! ಏನೂ ಕಾಯಿಲೆ ಇಲ್ಲ, ಮೈ ಗಟ್ಟಿಯಾಗಿದೆ ಎಂದು ಪ್ರಮಾಣಪತ್ರ ಬರೆದುಕೊಡುತ್ತೇನೆ ಎಂದೆ. ರತ್ನಾ ಬೇಡವೆಂದಳು. “ನಿಮ್ಮ ಇನ್ನೊಂದ ಚೀಟಿ ಬ್ಯಾಡ್ರೀ” ಅಂದಳು. ಸರಿಯಾಗಿಯೇ ಅಂದಳು.

ಆ ವಾರವೇ ಉಳಿದ ಚೀಟಿಗಳನ್ನು ದವಾಖಾನೆಯ ಹಿಂದೆ ಸುಟ್ಟೆ. ಹಂಚಿಹೋದವನ್ನು ಎಲ್ಲಿ ಹುಡುಕಲಿ? ಯಾವಗಲ್ ಊರಿನ ಒಂದು ಮನೆಯಲ್ಲಿ ಕನ್ನಡಿಗೆ ಅಂಟಿಸಿದ್ದರು, ರಾಜೂರಿನಲ್ಲಿ ಒಬ್ಬ ಮೇಷ್ಟ್ರು ಪಂಚಾಂಗದಲ್ಲಿ ಇಟ್ಟುಕೊಂಡಿದ್ದರು. ಕಂಡಲ್ಲಿ ಕೇಳಿ ಇಸಿದುಕೊಂಡು ಹರಿದೆ. ಕಾಣದ ಚೀಟಿಗಳು ಯಾವ ಗಾಜಿನ ಕೆಳಗಿವೆಯೋ, ಯಾರ ಮಗಳ ಮೇಲೆ ಕಣ್ಣಿಟ್ಟಿವೆಯೋ, ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ವೃತ್ತಿ ನನಗೆ ಕಲಿಸಿದ್ದನ್ನು ಓದುಗರಿಗೆ ಹೇಳುವುದಾದರೆ, ಎತ್ತರ ನೋಡಿ, ಗಂಡು ಹೆಣ್ಣು ನೋಡಿ ತೂಕ ಹೇಳುವ ಯಾವ ಸೂತ್ರವೂ ಅಂದಾಜಿನದು. ಅದು ಎಲುಬು ತಿಳಿಯದು, ದುಡಿದ ಸ್ನಾಯು ತಿಳಿಯದು, ಮೈಯಲ್ಲಿ ನೀರು ತುಂಬಿದ್ದನ್ನೂ ತೂಕವೆಂದೇ ಎಣಿಸುತ್ತದೆ. ಯಾವ ಆರೋಗ್ಯವಂತರ ತೂಕವೂ ಒಂದೇ ಅಂಕಿಯ ಮೇಲೆ ನಿಲ್ಲುವುದಿಲ್ಲ, ಹತ್ತು ಹನ್ನೊಂದು ಕಿಲೋದ ಹರವು ಇರುತ್ತದೆ. ಈಗ ಯಾರಾದರೂ ‘ನನ್ನ ತೂಕ ಎಷ್ಟಿರಬೇಕು’ ಎಂದರೆ ನಾನು ಯಂತ್ರದ ಕಡೆ ಕೈ ತೋರಿಸುವುದಿಲ್ಲ. ಏನು ಉಣ್ಣುತ್ತೀ, ಮುಟ್ಟು ಸರಿಯಾಗಿದೆಯೇ, ಮಾಳಿಗೆ ಹತ್ತಿದರೆ ದಮ್ಮು ಬರುತ್ತದೆಯೇ ಎಂದು ಕೇಳುತ್ತೇನೆ. ಅದಕ್ಕೂ ಮೊದಲು, ಇದನ್ನು ತಿಳಿದುಕೊಂಡು ಬಾ ಎಂದು ಕಳಿಸಿದವರು ಯಾರು ಎಂದು ಕೇಳುತ್ತೇನೆ. ಎಷ್ಟೋ ಹುಡುಗಿಯರು ಆ ಪ್ರಶ್ನೆಗೇ ಅತ್ತಿದ್ದಾರೆ.

ಎರಡು ತಿಂಗಳ ನಂತರ ರತ್ನಾ ಪರೀಕ್ಷೆಗೆ ಬಂದಳು. ಮುಖದಲ್ಲಿ ರಕ್ತ ಬಂದಿತ್ತು, ಮುಟ್ಟು ಶುರುವಾಗಿತ್ತು. ಮಗ್ಗಕ್ಕೆ ಕೂತು ಹದಿನೈದು ದಿನವಾಯಿತು ಎಂದಳು. ನಾಡಿ ನೋಡಿದೆ, ಬಿ.ಪಿ. ನೋಡಿದೆ. ತೂಕ ನೋಡಲೇ ಎಂದು ಆಕೆಯನ್ನೇ ಕೇಳಿದೆ. “ಇವತ್ತ ಬ್ಯಾಡ್ರೀ” ಅಂದಳು. ಬಿಟ್ಟೆ.

ಹೊರಡಲು ಎದ್ದವಳನ್ನು ಕೂರಿಸಿದೆ. ಹೇಳದೆ ಬಿಡುವಂತಿರಲಿಲ್ಲ.

“ನೀ ಅವತ್ತ ಒಂದ ಮಾತ ಕೇಳಿದ್ದಿ. ನೂರಾ ಐವತ್ತೊಂದ ಇದ್ದಿದ್ರೂ ಅದು ತಪ್ಪ ಇತ್ತವ್ವಾ. ನೂರಾ ನಲವತ್ತಿದ್ದಿದ್ರೂ ತಪ್ಪ. ನೀವ್ಯಾರು ಕೇಳಾಕ ಅಂತ ನಾ ಮೊದಲ ಅನ್ನಬೇಕಾಗಿತ್ತು. ಅನ್ನಲಿಲ್ಲ. ಬರದುಕೊಟ್ಟಾಕೀನೂ ನಾನ.”

ರತ್ನಾ ನನ್ನನ್ನೇ ನೋಡಿದಳು. ಸೆರಗು ಹೊದ್ದುಕೊಂಡು ಎದ್ದಳು.

“ಇಷ್ಟ ಹೇಳಾಕ ಎರಡ ತಿಂಗಳ ಬೇಕಾತೇನ್ರೀ ಬಾಯಾರ?”